ಕೈಗಿಂತ ದೊಡ್ಡ ಬಳೆ

ಮೊದಲು ಜಾರಿದ್ದು ಬಲಗೈ ಮಣಿಕಟ್ಟು. ರೊಟ್ಟಿ ಬಡಿಯುತ್ತಿದ್ದೆ.

ಮದುವೆಯಾಗಿ ಕಂಪ್ಲಿಗೆ ಬಂದು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಬೆಳಗಿನ ಹೊತ್ತು. ಹಂಚು ಕಾದಿತ್ತು. ಜೋಳದ ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು, ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ ಅಗಲ ಮಾಡುತ್ತಿದ್ದೆ. ಅರ್ಧ ಅಗಲವಾಗಿತ್ತು. ಆಗ ಮಣಿಕಟ್ಟಿನೊಳಗೆ ಏನೋ ಟಕ್ ಎಂದಿತು. ಬೆರಳುಗಳು ಹಿಟ್ಟಿನ ಮೇಲೇ ಇದ್ದವು, ಆದರೆ ಅವುಗಳ ಹಿಂದೆ ಒತ್ತುವವರು ಯಾರೂ ಇರಲಿಲ್ಲ.

ಕೂಗಿಬಿಟ್ಟೆ. ಅತ್ತೆ ಹಿತ್ತಲಿನಿಂದ ಓಡಿ ಬಂದರು. ಅಷ್ಟರಲ್ಲಿ ನಾನು ಗಾಬರಿಯಿಂದ ಕೈ ಒದರಿದ್ದೆ. ಇನ್ನೊಂದು ಸಲ ಟಕ್ ಎಂದು ಎಲ್ಲ ತನ್ನ ಜಾಗಕ್ಕೆ ಬಂದು ಕೂತಿತ್ತು. ಬಾವಿಲ್ಲ, ಗಾಯವಿಲ್ಲ, ಸುಟ್ಟ ಗುರುತೂ ಇಲ್ಲ.

"ಏನಾತು?"

"ಕೈ ಜಾರಿತ್ರಿ ಅತ್ತಿ."

"ಎಲ್ಲಿಗೆ ಜಾರಿತು? ಇಲ್ಲೇ ಐತಲ್ಲ!"

ಅವರು ಹೇಳಿದ್ದು ನಿಜವೇ. ಕೈ ಅಲ್ಲೇ ಇತ್ತು. ನನ್ನ ಕಾಯಿಲೆಯ ಕಿತಾಪತಿ ಇದೇ. ಯಾರಾದರೂ ನೋಡಲು ಬರುವ ಹೊತ್ತಿಗೆ ಅದು ಕೈಕಟ್ಟಿ ಕೂತ ಒಳ್ಳೆಯ ವಿದ್ಯಾರ್ಥಿಯ ಹಾಗೆ ಇರುತ್ತದೆ. ತಂಟೆಯೆಲ್ಲ ಯಾರೂ ಇಲ್ಲದಾಗ.

ನಮ್ಮದು ರೈಸ್ ಮಿಲ್ಲಿನ ಮನೆ. ಕಾಲುವೆ ನೀರು ಬಂದ ಮೇಲೆ ಕಂಪ್ಲಿಯ ಸುತ್ತ ಎಲ್ಲಿ ನೋಡಿದರೂ ಭತ್ತ, ಕಬ್ಬು, ಬಾಳೆ. ಮಾವ ಇಡೀ ದಿನ ಮಿಲ್ಲಿನಲ್ಲೇ ಇರುತ್ತಿದ್ದರು. ನಮ್ಮ ಮನೆಯವರೂ ಅವರ ಜೊತೆಗೇ. ಪಡಸಾಲೆಯಲ್ಲಿ ಅಕ್ಕಿಯ ಚೀಲಗಳನ್ನು ಜಂತೆಗೆ ತಾಗುವಂತೆ ಒಟ್ಟಿರುತ್ತಿದ್ದರು. ಆದರೆ ಊಟಕ್ಕೆ ಮಾತ್ರ ಜೋಳದ ರೊಟ್ಟಿ. ಅನ್ನ ಅಂದರೆ ಅತ್ತೆಯ ಲೆಕ್ಕದಲ್ಲಿ ನೆಂಟರಿಗೆ ಮತ್ತು ಜ್ವರ ಬಂದವರಿಗೆ. ದಿನವೂ ರೊಟ್ಟಿಯನ್ನೇ ಉಣ್ಣುವ ಮನೆಯಲ್ಲಿ ರೊಟ್ಟಿ ಬಡಿಯಲಾರದ ಸೊಸೆ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಹೇಳಬೇಕಿರಲಿಲ್ಲ, ಆದರೂ ಅತ್ತೆ ಹೇಳಿದರು.

"ಮೈಗಳ್ಳಿ."

ನನ್ನ ಎದುರಿಗೆ ಅಲ್ಲ. ಬಾವಿಯ ಹತ್ತಿರ ಪಕ್ಕದ ಮನೆಯವರಿಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದರೋ ಏನೋ, ಅವರ ದನಿ ಯಾವಾಗಲೂ ದೊಡ್ಡದು.

ನಾನು ಹುಟ್ಟಿದ್ದು ಸಂಡೂರಿನಲ್ಲಿ. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ. ಶಾಲೆಯಲ್ಲಿ ನಾನು ಪ್ರಸಿದ್ಧಳಾಗಿದ್ದೆ, ಓದಿನಲ್ಲಿ ಅಲ್ಲ. ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ಅಂಟಿಸುತ್ತಿದ್ದೆ. ಕಿರುಬೆರಳನ್ನು ಹಿಂದಕ್ಕೆ ಮಡಚಿ ನೆಟ್ಟಗೆ ನಿಲ್ಲಿಸುತ್ತಿದ್ದೆ. ಕೂತಲ್ಲೇ ಕಾಲನ್ನು ಎತ್ತಿ ಹೆಗಲ ಹಿಂದೆ ಹಾಕಿಕೊಂಡು ತಲೆ ಬಾಚಿಕೊಳ್ಳುವ ಹಾಗೆ ನಟಿಸುತ್ತಿದ್ದೆ. ಹುಡುಗಿಯರು ಕಿರುಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಇನ್ನೊಂದು ಸಲ ತೋರಿಸು ಎನ್ನುತ್ತಿದ್ದರು. ಇನ್ನೊಂದು ಸಲಕ್ಕೆ ಒಂದು ಹುಣಸೆ ಚಿಗಳಿ. ಹೀಗೆ ನಾನು ತಿಂದ ಚಿಗಳಿಗೆ ಲೆಕ್ಕವಿಲ್ಲ.

ಸಂಜೆ ಮನೆಗೆ ಬಂದರೆ ಮೊಣಕಾಲು ಸಿಡಿಯುತ್ತಿತ್ತು. ಏರು ಹಾದಿಯಲ್ಲಿ ಪಾದ ಉಳುಕುವುದಂತೂ ನಿತ್ಯದ ಮಾತು. ಅವ್ವ ಹಳೇ ಸೀರೆಯ ತುಂಡಿನಿಂದ ಮೊಣಕಾಲು ಬಿಗಿದು ಕಟ್ಟಿ, "ನನಗೂ ಹಿಂಗ ಆಗ್ತಿತ್ತವ್ವ. ದೊಡ್ಡಾಕಿ ಆದ ಮ್ಯಾಲ ಹೋಗ್ತೈತಿ" ಎನ್ನುತ್ತಿದ್ದಳು. ನಾನು ದೊಡ್ಡವಳಾದೆ. ಅದು ಹೋಗಲಿಲ್ಲ. ಮದುವೆಯಾದಾಗ ನನ್ನ ಜೊತೆ ಅದೂ ಕಂಪ್ಲಿಗೆ ಬಂತು.

ಮದುವೆಯ ಮಾತು ಬಂತಲ್ಲ, ನನ್ನನ್ನು ಒಪ್ಪಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನ ಅಡುಗೆ ಕೇಳಲಿಲ್ಲ, ಹಾಡು ಕೇಳಲಿಲ್ಲ. ಮಡಿಲಿನಿಂದ ಹಸಿರು ಗಾಜಿನ ಬಳೆಗಳ ಪೊಟ್ಟಣ ತೆಗೆದರು. ಮೂರು ಅಳತೆಯವು. ಬಳೆ ಇಡುವಾಗ ಮುಖ ಕಿವುಚದ ಹುಡುಗಿ ಸಂಸಾರದಲ್ಲೂ ಮುಖ ಕಿವುಚುವುದಿಲ್ಲ ಎಂದು ಅವರು ನಂಬಿದ್ದರು. ದೊಡ್ಡದರಿಂದ ಶುರು ಮಾಡಿದರು. ಸರಾಗವಾಗಿ ಹೋಯಿತು. ನಡುವಿನದೂ ಹೋಯಿತು. ಕೊನೆಯದು ಹತ್ತು ವರ್ಷದ ಹುಡುಗಿಯ ಅಳತೆಯದು. ನಾನು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅಂಗೈಯನ್ನೇ ಉದ್ದಕ್ಕೆ ಸುರುಳಿ ಮಾಡಿದೆ. ಬಳೆ ತಡವರಿಸದೆ ಮಣಿಕಟ್ಟಿಗೆ ಬಂದು ನಿಂತಿತು. ನಾನು ನಗುತ್ತಲೇ ಇದ್ದೆ.

"ಇದು ಕೈ ಅಲ್ಲವ್ವ, ಬೆಣ್ಣಿ!" ಎಂದರು ಅತ್ತೆ. ಅಲ್ಲೇ ತಾಂಬೂಲ ಬದಲಾಯಿತು.

ಆ ಮೇಲೆ ನನ್ನ ಕೈ ಕಂಪ್ಲಿಯ ನಮ್ಮ ಓಣಿಯಲ್ಲೆಲ್ಲ ಹೆಸರಾಯಿತು. ಮನೆಗೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರೆ ಅತ್ತೆ, "ಗಿರಿಜಾ, ಕೈ ತೋರಸು ಬಾ" ಎಂದು ಕರೆಯುತ್ತಿದ್ದರು. ನಾನು ಕೈ ಮಡಚಿ ಒಂದು ಬಳೆ ತೆಗೆದು, ಮತ್ತೆ ತೊಟ್ಟು ತೋರಿಸಬೇಕು. ಬಂದವರು ಬಾಯಿಯ ಮೇಲೆ ಬೆರಳಿಟ್ಟುಕೊಳ್ಳಬೇಕು. ಅತ್ತೆಯ ಮುಖ ಆಗ ನೋಡುವಂತಿರುತ್ತಿತ್ತು. ಇವತ್ತು ಇದೇ ಕೈಗೆ ಬೆಣ್ಣೆ ಎಂಬ ಬಿರುದು, ಮರುದಿನ ರೊಟ್ಟಿಯ ಹೊತ್ತಿಗೆ ಇದೇ ಕೈಗೆ ಮೈಗಳ್ಳತನದ ಆರೋಪ. ಎರಡೂ ಒಂದೇ ಕೈಯ ಮಾತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮಣಿಕಟ್ಟಿನ ನಂತರ ಭುಜ.

ತುಂಬಿದ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವಾಗ ಎಡಭುಜ ಸರಿಯಿತು. ಕೊಡ ಬಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಲ್ಲೇ ಮೊಣಕಾಲು ಹಿಂದಕ್ಕೆ ಬಾಗಿತು. ಪಾದವಂತೂ ಸಮನೆಲದ ಮೇಲೂ ಉಳುಕಲು ಕಲಿತಿತ್ತು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸೋತು, ಎರಡು ಮಳೆಗಾಲ ನಾಟಿ ಹಚ್ಚಿದವಳ ಹಾಗೆ ಬಿದ್ದುಕೊಳ್ಳುತ್ತಿದ್ದೆ. ಮಾಡಿದ ಕೆಲಸ ನೋಡಿದರೆ ಅರ್ಧ ಪುಟ್ಟಿ ರೊಟ್ಟಿ. ನನಗೇ ನಾಚಿಕೆಯಾಗುತ್ತಿತ್ತು.

ಔಷಧಿ ಮಾಡಲಿಲ್ಲ ಎನ್ನುವಂತಿಲ್ಲ. ಹೊಳೆಯಾಚೆಯ ಊರಿನ ಎಲುಬು ಕೂಡಿಸುವ ಅಜ್ಜ ಮೊಟ್ಟೆ, ಉದ್ದಿನ ಹಿಟ್ಟು ಕಲಸಿ ಬಳಿದು ಬಿದಿರಿನ ಪಟ್ಟಿ ಕಟ್ಟಿದ. ಕಟ್ಟಿದ್ದಷ್ಟು ದಿನ ಸ್ವರ್ಗ. ಬಿಚ್ಚಿದ ಮರುದಿನ ಮತ್ತೆ ಟಕ್. ಊರಿನ ಡಾಕ್ಟರು ವೀಕ್‌ನೆಸ್ ಎಂದು ಕ್ಯಾಲ್ಸಿಯಂ ಇಂಜೆಕ್ಷನ್, ಟಾನಿಕ್ ಕೊಟ್ಟರು. ಟಾನಿಕ್ ಸಿಹಿಯಾಗಿತ್ತು, ಅಷ್ಟು ಉಪಕಾರ. ವಾತ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ನೋಡಿ, "ಎಲ್ಲಾ ನಾರ್ಮಲ್" ಎಂದರು.

ಅಂದಿನಿಂದ ಅತ್ತೆಗೆ ಒಂದು ಇಂಗ್ಲಿಷ್ ಶಬ್ದ ಬಂತು. ಕೈ ನೋವು ಎಂದರೆ "ನಾರ್ಮಲ್ ಐತಲ್ಲ." ಕೊಡ ಬಿದ್ದರೆ "ನಾರ್ಮಲ್ ಇದ್ದಾಕಿ ಕೊಡ ಯಾಕ ಬೀಳಿಸಿದಿ?" ನನಗೆ ಸಿಟ್ಟು ಬರುತ್ತಿತ್ತು. ಒಳಗೆ ಹೋಗಿ ಅಕ್ಕಿ ಚೀಲಕ್ಕೆ ಬೆನ್ನು ಕೊಟ್ಟು ಕೂತು, ಆ ಡಾಕ್ಟರಿಗೂ ಆ ಶಬ್ದಕ್ಕೂ ಸೇರಿಸಿ ಬಯ್ಯುತ್ತಿದ್ದೆ.

ದೀಪಾವಳಿ ಹತ್ತಿರ ಬಂದಾಗ ಅತ್ತೆ ಊಟದ ಹೊತ್ತಿನಲ್ಲಿ ಮಾತು ತೆಗೆದರು. "ಹಬ್ಬಕ್ಕ ತವರಿಗೆ ಹೋಗಿ ಬರ್ಲಿ. ಕೈ ಕಾಲು ಗಟ್ಟಿ ಆಗೋತನ ಅಲ್ಲೇ ಇರ್ಲಿ. ಅವಸರ ಏನೈತಿ?"

ಮಾತು ಮೆತ್ತಗಿತ್ತು. ಅರ್ಥ ಎಲ್ಲರಿಗೂ ಆಯಿತು. ಮದುವೆಯಾದ ವರ್ಷವೇ ತವರಿಗೆ ಹೋಗಿ ಕೂತ ಹುಡುಗಿಯನ್ನು ಸಂಡೂರಿನ ಜನ ಏನೆಂದು ಕೇಳುವುದಿಲ್ಲ, ತಾವೇ ಉತ್ತರ ಮಾಡಿಕೊಳ್ಳುತ್ತಾರೆ. ನನ್ನ ಕೈ ಕಾಲು ಗಟ್ಟಿಯಾಗುವ ಲಕ್ಷಣ ಹುಟ್ಟಿದಂದಿನಿಂದ ಇರಲಿಲ್ಲ. ಹಾಗಾದರೆ ನಾನು ಮರಳಿ ಬರುವುದು ಯಾವಾಗ? ಇನ್ನೊಂದು ಮಾತು. ಅಷ್ಟು ಹೊತ್ತಿಗೆ ನನಗೆ ನನ್ನ ಗಂಡ ಬಹಳ ಇಷ್ಟವಾಗಿಬಿಟ್ಟಿದ್ದರು. ಅದನ್ನು ಯಾರಿಗೂ, ಅವರಿಗೂ ಹೇಳಿರಲಿಲ್ಲ.

ನಮ್ಮ ಮನೆಯವರದು ಮಾತು ಕಡಿಮೆ. ಮಿಲ್ಲಿನ ಸದ್ದಿನಲ್ಲಿ ಬೆಳೆದವರು, ಕೂಗಿ ಹೇಳುವಷ್ಟು ಮುಖ್ಯವಲ್ಲದ್ದನ್ನು ಹೇಳುವುದೇ ಇಲ್ಲ. ಅವತ್ತು ತಾಟಿನಿಂದ ತಲೆ ಎತ್ತದೆ, "ಹೊಸಪೇಟ್ಯಾಗ ಎಲುಬಿನ ಡಾಕ್ಟ್ರು ಬಳ್ಳಾರಿಂದ ವಾರಕ್ಕೊಮ್ಮೆ ಬರ್ತಾರಂತ. ಒಮ್ಮೆ ತೋರಿಸಿ ಬರ್ತೀನಿ, ಆಮ್ಯಾಲ ನೋಡೂಣು" ಎಂದರು.

"ನಾನೂ ಬರ್ತೀನಿ" ಎಂದರು ಅತ್ತೆ. ಡಾಕ್ಟರು ನಾರ್ಮಲ್ ಅನ್ನುವುದನ್ನು ಸ್ವಂತ ಕಿವಿಯಿಂದ ಕೇಳುವ ಆಸೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಭತ್ತ ತೆನೆ ಬಾಗಿ ನಿಂತಿತ್ತು. ಜಗತ್ತೆಲ್ಲ ಚೆನ್ನಾಗಿತ್ತು. ಜನ ಆಸ್ಪತ್ರೆಗೆ ಹೋಗುವಾಗ ಏನೂ ಇರದಿರಲಿ ದೇವರೇ ಎಂದು ಬೇಡುತ್ತಾರೆ. ನಾನು ಏನಾದರೂ ಇರಲಿ ಎಂದು ಬೇಡಿಕೊಂಡೆ. ಹೆಸರಿರುವ ಕಾಯಿಲೆ ಇರಲಿ. ಆದರೆ ಸಾಯುವಂಥದ್ದು ಬೇಡ ಎಂದು ಸ್ವಲ್ಪ ದೂರ ಹೋದ ಮೇಲೆ ನೆನಪಾಗಿ ಸೇರಿಸಿದೆ.

ಡಾಕ್ಟರಿಗೆ ವಯಸ್ಸಾಗಿತ್ತು. ದಪ್ಪ ಕನ್ನಡಕ. ನನ್ನ ಕಥೆ ಅರ್ಧ ಕೇಳಿ, ಮಣಿಕಟ್ಟು ಒತ್ತಿ ನೋಡಿ, "ಮೊದಲ ಎಕ್ಸ್‌ರೇ ತಗಿಸ್ರಿ" ಎಂದು ಚೀಟಿ ಬರೆದರು.

ಎಕ್ಸ್‌ರೇ ಕೋಣೆಯವನು ನನ್ನ ಕೈ ನೋಡಿ, "ಬಳಿ ತಗೀಬೇಕು" ಎಂದ. ಆಮೇಲೆ ಬಳೆಯ ಅಳತೆ ನೋಡಿ, "ಇಷ್ಟು ಬಿಗಿ ಬಳಿ ಬರಂಗಿಲ್ಲ ಬಿಡ್ರಿ. ಒಡೀಬೇಕು" ಎಂದು ಮೇಜಿನ ಮೇಲಿದ್ದ ಇಕ್ಕಳಕ್ಕೆ ಕೈ ಹಾಕಿದ.

ಅತ್ತೆ ನನ್ನ ಮುಂದೆ ಬಂದು ನಿಂತರು.

"ಮುತ್ತೈದಿ ಕೈಯಾನ ಹಸರು ಬಳಿ ಒಡಿತೀಯ? ಮದಿವಿ ಬಳಿ ಅವು! ನನ್ನ ಮಗ ಹೊರಗ ಕುಂತಾನ!"

"ಫೋಟೋ ಸರಿ ಬರಂಗಿಲ್ಲವ್ವ..."

"ಬರಬ್ಯಾಡ ಬಿಡು! ಯಾರಿಗೆ ಬೇಕು ನಿನ್ನ ಫೋಟೋ?"

ಆಸ್ಪತ್ರೆಯ ಆ ತುದಿಯಿಂದ ಈ ತುದಿಗೆ ಕೇಳಿಸಿರಬೇಕು. ಡಾಕ್ಟರೇ ಎದ್ದು ಬಂದರು. ಅತ್ತೆ ಅವರನ್ನು ಕಂಡದ್ದೇ ಇನ್ನಷ್ಟು ಏರಿದರು. "ಒಡ್ಯಾದು ಯಾಕ್ರಿ ಸಾಹೇಬ್ರ? ನಮ್ಮ ಸೊಸಿ ಕೈ ಎಂಥಾದು ಅಂತ ನೋಡ್ರಿ. ಗಿರಿಜಾ, ತಗಿ."

ಹಾಗೆಂದವರು, ಕೈ ಬರಿದಾಗಬಾರದೆಂದು ತಮ್ಮ ಸೀರೆಯ ಸೆರಗಿನಿಂದ ಒಂದು ಎಳೆ ಹರಿದು ಮೊದಲು ನನ್ನ ಮಣಿಕಟ್ಟಿಗೆ ಕಟ್ಟಿದರು. ನಾನು ಎಂದಿನಂತೆ ಹೆಬ್ಬೆರಳು ಮಡಚಿ, ಅಂಗೈ ಸುರುಳಿ ಮಾಡಿದೆ. ಬಳೆಗಳೆಲ್ಲ ಒಂದರ ಹಿಂದೊಂದು ಅತ್ತೆಯ ಅಂಗೈಗೆ ಜಾರಿ ಬಿದ್ದವು. ಒಂದೂ ಬಿರುಕು ಬಿಡಲಿಲ್ಲ.

ಎಕ್ಸ್‌ರೇಯವನು ಇಕ್ಕಳ ಕೆಳಗಿಟ್ಟ. ಡಾಕ್ಟರು ಕನ್ನಡಕ ಸರಿ ಮಾಡಿಕೊಂಡರು.

"ಇನ್ನೊಮ್ಮೆ ಹಾಕಿ ತಗಿ ನೋಡೂಣು."

ಹಾಕಿದೆ. ತೆಗೆದೆ. ಅವರು ನಮ್ಮನ್ನು ಮತ್ತೆ ತಮ್ಮ ಕೋಣೆಗೆ ಕರೆದುಕೊಂಡು ಹೋದರು. "ಕುಂದ್ರಿ. ತಂಗಿ, ಹೆಬ್ಬೆರಳು ಹಿಂಗ ಬರ್ತೈತೇನು?" ಬಂತು. ಕಿರುಬೆರಳು? ಬಂತು. ಮೊಣಕೈ ಚಾಚು. ಅದು ನೇರ ನಿಲ್ಲದೆ ಆಚೆಗೂ ಬಾಗಿತು. ನಿಂತುಕೋ. ಮೊಣಕಾಲು ಹಿಂದಕ್ಕೆ ಬಾಗಿತು. ಮೊಣಕಾಲು ಮಡಚದೆ ಅಂಗೈ ನೆಲಕ್ಕೆ ಊರು. ಊರಿದೆ. ಬೇಕಾದರೆ ಅಲ್ಲೇ ರೊಟ್ಟಿ ಬಡಿಯಬಹುದಿತ್ತು.

ಅತ್ತೆ ಪಕ್ಕದಲ್ಲಿ ನಿಂತು ಉಬ್ಬುತ್ತಿದ್ದರು. ಶಾಲೆಯ ಬಹುಮಾನದ ದಿನ ತಾಯಂದಿರು ನಿಲ್ಲುತ್ತಾರಲ್ಲ, ಹಾಗೆ. "ಸಂಡೂರಿಂದ ಹುಡುಕಿ ತಂದೀವ್ರಿ" ಎಂದೂ ಹೇಳಿದರು.

"ಒಂಬತ್ತಕ್ಕ ಒಂಬತ್ತು" ಎಂದರು ಡಾಕ್ಟರು. ಈ ಪರೀಕ್ಷೆಗೆ ಒಂಬತ್ತು ಮಾರ್ಕ್ಸ್ ಅಂತೆ. ನನ್ನ ಜೀವಮಾನದಲ್ಲಿ ಪೂರ್ತಿ ಮಾರ್ಕ್ಸ್ ಬಂದದ್ದು ಅದೊಂದರಲ್ಲೇ. ಆಮೇಲೆ ಅವರು ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ನೀವು ಹೊಗಳಾಕ ಹತ್ತೀರಲ್ಲ, ಇದೇ ಈಕಿ ಕಾಯಿಲಿ."

ಅತ್ತೆಯ ಅಂಗೈಯಲ್ಲಿದ್ದ ಬಳೆಗಳು ಸದ್ದು ಮಾಡಿದವು.

ಜಾಯಿಂಟ್ ಹೈಪರ್‌ಮೊಬಿಲಿಟಿ. ಡಾಕ್ಟರು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ಎಲುಬಿಗೆ ಎಲುಬನ್ನು ಹಿಡಿದಿಡುವ ಪಟ್ಟಿಗಳಿರುತ್ತವೆ. ಅವಕ್ಕೆ ಲಿಗಮೆಂಟ್ ಅಂತಾರೆ. ನನ್ನವು ಹುಟ್ಟಿನಿಂದ ಸಡಿಲ. ಕೀಲು ಹೋಗಬಾರದ ಕಡೆಗೂ ಹೋಗುತ್ತದೆ, ಕೆಲವು ಸಲ ಜಾರಿ ವಾಪಸ್ ಬರುತ್ತದೆ. ಎಕ್ಸ್‌ರೇಯಲ್ಲಿ, ರಕ್ತದಲ್ಲಿ ಇದು ಕಾಣುವುದಿಲ್ಲ. ಪಟ್ಟಿ ಮಾಡಬೇಕಾದ ಕೆಲಸವನ್ನೂ ಮಾಂಸಖಂಡವೇ ಮಾಡಬೇಕು. ಅದಕ್ಕೇ ಅಷ್ಟು ದಣಿವು. ಮನೆತನದಲ್ಲಿ ಬರುತ್ತದೆ. ನನಗೆ ಅವ್ವನ ಸೀರೆ ತುಂಡು ನೆನಪಾಯಿತು.

"ನಿಮ್ಮ ಸೊಸಿ ಸುಮ್ನ ನಿಂತಾಗೂ ಈಕಿ ಮೈ ದುಡಿತಿರ್ತೈತ್ರಿ ಅಮ್ಮಾ" ಎಂದರು. "ನಿಮ್ಮ ಮನ್ಯಾಗ ಎಲ್ಲಾರಕಿಂತ ಹೆಚ್ಚು ದುಡಿಯಾಕಿ ಈಕೀನ."

ನನಗೆ ಅಳು ಬಂತು. ಜೋರಾಗಿ ಬಂತು. ಕಾಯಿಲೆ ಇದೆ ಎಂದು ಅಳುತ್ತಿದ್ದಾಳೆ ಎಂದುಕೊಂಡು ನಮ್ಮ ಮನೆಯವರು ಕರ್ಚೀಫು ಕೊಟ್ಟರು. ಅಲ್ಲ, ಸಂತೋಷಕ್ಕೆ ಎಂದು ಹೇಳಲು ಅಷ್ಟು ಜನರ ಮುಂದೆ ಆಗಲಿಲ್ಲ. ಇಪ್ಪತ್ತೆರಡು ವರ್ಷ ಹೊತ್ತು ತಿರುಗಿದ್ದಕ್ಕೆ ಒಂದು ಹೆಸರು ಸಿಕ್ಕಿತ್ತು, ಅದು ಮೈಗಳ್ಳಿ ಅಲ್ಲ.

"ವಾಸಿ ಆಗ್ತೈತೇನ್ರಿ?" ಎಂದು ನಮ್ಮ ಮನೆಯವರೇ ಕೇಳಿದರು.

"ಪೂರ್ತಿ ಆಗಂಗಿಲ್ಲಪ್ಪ. ಮಾಂಸಖಂಡ ಗಟ್ಟಿ ಮಾಡ್ಕೊಂಡ್ರ ಸಂಭಾಳಿಸಬಹುದು. ವಯಸ್ಸಾದಂಗ ಕೀಲು ತಾನ ಬಿಗಿ ಆಗ್ತಾವ. ಎಲ್ಲಾರೂ ಮುದುಕರಾಗಾಕ ಅಂಜ್ತಾರ, ಈಕಿ ದಾರಿ ಕಾಯಬಹುದು ನೋಡು."

ಕಾಲಿಗೆ ಭಾರ ಕಟ್ಟಿಕೊಂಡು ಎತ್ತಿ ಇಳಿಸುವ ಎಕ್ಸರ್‌ಸೈಜ್ ತೋರಿಸಿದರು. ನೋವಿದ್ದಾಗ ಕ್ರೇಪ್ ಬ್ಯಾಂಡೇಜ್. ಮೊಣಕಾಲು ಹಿಂದಕ್ಕೆ ಬಿಟ್ಟು ನಿಲ್ಲಬಾರದು. ಕೊನೆಗೆ ಬಳೆಗಳನ್ನು ತೋರಿಸಿ, "ಈ ಆಟ ಬಂದ್. ಕೈ ಮಡಚಿದಷ್ಟೂ ಸಡ್ಲ ಆಗ್ತೈತಿ. ಕೈ ಮಡಚದ ಹೋಗೋವಷ್ಟು ದೊಡ್ಡ ಬಳಿ ಹಾಕ್ರಿ" ಎಂದರು.

ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಮನೆಯವರು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದರು. ನಾನು ಹಬ್ಬ ಮಾಡಿದೆ. ಅತ್ತೆ ಮುಟ್ಟಲಿಲ್ಲ. ಕಂಪ್ಲಿಯಲ್ಲಿ ಇಳಿಯುವಾಗ ಒಂದೇ ಮಾತು ಹೇಳಿದರು. "ಮೆತ್ತನ ಕೈಗೂ ಕಾಯಿಲಿ ಅಂತಾನ. ಎಂಥಾ ಡಾಕ್ಟ್ರೋ ಏನೋ!"

ಅವರ ಕಷ್ಟ ನನಗೆ ಆಮೇಲೆ ಅರ್ಥವಾಯಿತು. ಓಣಿಯ ಮುಂದೆ ಹೊಗಳಿ ಹೊಗಳಿ ಮೆರೆಸಿದ್ದು ರೋಗ ಎಂದು ಒಪ್ಪಬೇಕಾದರೆ, ಹೆಣ್ಣು ಆರಿಸುವ ತಮ್ಮ ಪರೀಕ್ಷೆಯೇ ತಪ್ಪು ಎಂದು ಒಪ್ಪಬೇಕು. ಅದು ರೊಟ್ಟಿ ಬಡಿದಷ್ಟು ಸುಲಭವಲ್ಲ. ಆದರೆ ತವರಿನ ಮಾತು ಆ ದೀಪಾವಳಿಗೆ ಮತ್ತೆ ಬರಲಿಲ್ಲ. ಬಿಟ್ಟಿದ್ದರೋ, ಮುಂದೆ ಹಾಕಿದ್ದರೋ ಗೊತ್ತಾಗದೆ ನಾನು ಬಹಳ ದಿನ ಅಂಜಿಕೊಂಡೇ ಇದ್ದೆ.

ಕಾಲಿಗೆ ಕಟ್ಟುವ ಭಾರಕ್ಕೆ ನಮ್ಮ ಮನೆಯವರು ಮಿಲ್ಲಿನಿಂದ ಗೋಣಿ ತಾಟು ತಂದು ಎರಡು ಸಣ್ಣ ಚೀಲ ಹೊಲಿದು, ಭತ್ತ ತುಂಬಿ ಕೊಟ್ಟರು. ಹೊಲಿಗೆ ನೋಡಿದರೆ ನಗು ಬರುತ್ತಿತ್ತು. ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಪಾದಕ್ಕೆ ಚೀಲ ಕಟ್ಟಿಕೊಂಡು, ಕಾಲು ಎತ್ತಿ ಇಳಿಸುತ್ತಿದ್ದೆ. ಎರಡನೇ ದಿನವೇ ಅತ್ತೆ ಚೀಲ ಹಿಸುಕಿ ನೋಡಿದರು.

"ಅಯ್ಯ ನಮ್ಮವ್ವ! ಕಾಲಿಗೆ ಭತ್ತ ಕಟ್ಟಿಗೊಂಡೀಯಲ್ಲೇ! ಲಕ್ಷ್ಮೀನ ಒದಿತೀ ಏನು?"

ಚೀಲ ಕಸಿದುಕೊಂಡು ಹೋದರು. ನನ್ನ ಎಕ್ಸರ್‌ಸೈಜ್ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಳಗೆ ಹೋಗಿ ಕೂತೆ, ಕಣ್ಣು ತುಂಬಿತು.

ಸಂಜೆ ಚೀಲಗಳು ಸ್ಟೂಲಿನ ಮೇಲೆ ವಾಪಸ್ ಬಂದಿದ್ದವು. ಒಳಗೆ ಭತ್ತವಿರಲಿಲ್ಲ. ಅತ್ತೆ ಹೊಳೆಯ ಉಸುಕನ್ನು ಜರಡಿ ಹಿಡಿದು ತುಂಬಿದ್ದರು. ಕಾಲಿಗೆ ಒತ್ತುವ ಕಡೆ ಹಳೇ ಸೀರೆಯ ಮೆತ್ತನೆ ಬಟ್ಟೆ ಇಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕಿದ್ದರು. ನಾನು ಚೀಲ ಕಟ್ಟಿಕೊಂಡು ಮತ್ತೆ ಶುರು ಮಾಡಿದೆ.

ರೊಟ್ಟಿಯ ವಿಷಯ ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಲಟ್ಟಣಿಗೆಯಿಂದ ಲಟ್ಟಿಸುತ್ತೇನೆ ಎಂದೆ. "ರೊಟ್ಟಿ ಲಟ್ಟಿಸಾಕ ಅದೇನು ಚಪಾತಿನ?" ಎಂದರು. ಒಂದೆರಡು ವಾರ ಮುಖ ಊದಿಸಿಕೊಂಡು ತಾವೇ ಎಲ್ಲ ಮಾಡಿದರು. ಕೊನೆಗೆ ಒಂದು ದಿನ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯನ್ನು ನನ್ನ ಕಡೆ ಎಸೆದು, "ನೀರು ಸವರು, ಹೊರಳಸು. ಸುಟ್ಟು ಕರಿ ಮಾಡಿಗಿಡಿ ಮತ್ತ" ಎಂದರು. ಅಂದಿನಿಂದ ಅವರು ಬಡಿಯುವುದು, ನಾನು ಸುಡುವುದು. ಇಬ್ಬರು ಕೂತರೆ ರೊಟ್ಟಿ ಬೇಗ ಆಗುತ್ತಿತ್ತು. ಮಾತೂ ಆಗುತ್ತಿತ್ತು. ತಮ್ಮ ಅತ್ತೆಯ ಬಗ್ಗೆ ಅವರು ಹೇಳಿದ್ದನ್ನು ಕೇಳಿದರೆ ನನ್ನ ಅತ್ತೆ ದೇವರು ಅನ್ನಿಸುವಂತಿತ್ತು.

ಕಾಲು ನಿಧಾನಕ್ಕೆ ಗಟ್ಟಿಯಾದವು. ಉಳುಕುವುದು ಕಡಿಮೆಯಾಯಿತು. ಭುಜ ಮಾತ್ರ ತನಗೆ ಬೇಕಾದಾಗ ಜಾರುತ್ತಿತ್ತು, ಈಗಲೂ ಜಾರುತ್ತದೆ.

ಮುಂದಿನ ವರ್ಷ ಬಸುರಿಯಾದೆ.

ಬಸುರಿನಲ್ಲಿ ಎಲ್ಲ ಹೆಂಗಸರ ಕೀಲೂ ಸ್ವಲ್ಪ ಸಡಿಲವಾಗುತ್ತವಂತೆ. ಮೊದಲೇ ಸಡಿಲವಿದ್ದ ನನ್ನ ಪಾಡು ಕೇಳಬೇಕೆ. ಸೊಂಟದ ಎಲುಬುಗಳು ನಡೆಯುವಾಗ ಒಂದಕ್ಕೊಂದು ಜಗಳ ಕಾಯುತ್ತಿದ್ದವು. ಗೋಡೆ ಹಿಡಿದು ನಡೆದೆ. ಮಣಿಕಟ್ಟು ಬಾಚಣಿಗೆ ಹಿಡಿದರೂ ಜಾರತೊಡಗಿತು. ಅತ್ತೆ ಹಿಂದೆ ಕೂತು ಜಡೆ ಹಾಕುತ್ತಿದ್ದರು, ಬಿಗಿಯಾಗಿ, ಕಣ್ಣು ಮೇಲೇರುವಂತೆ. ಆದರೂ ನೋವು ಎಂಬ ಶಬ್ದ ಅವರ ಬಾಯಿಂದ ನಾನು ಕೇಳಿರಲಿಲ್ಲ. ಡಾಕ್ಟರು ಹೇಳಿದ ಕಾಯಿಲೆಯ ಸುದ್ದಿಯನ್ನು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಕೈಯಲ್ಲಿ ಇನ್ನೂ ಮದುವೆಯ ಸಣ್ಣ ಬಳೆಗಳೇ ಇದ್ದವು.

ಏಳನೇ ತಿಂಗಳಲ್ಲಿ ಕುಬುಸ, ಬಸುರಿಗೆ ಹಸಿರು ಬಳೆ ಇಡಿಸುವ ಶಾಸ್ತ್ರ. ಸಂಡೂರಿನಿಂದ ಅವ್ವ ಹಸಿರು ಸೀರೆ ತಂದಿದ್ದಳು. ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ಬಳೆಗಾರ ಶಂಕ್ರಪ್ಪ ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರ ಇಳಿಸಿ ನನ್ನ ಎದುರು ಕೂತ. ನನ್ನ ಕೈ ಅವನಿಗೆ ಗೊತ್ತು. ಕೇಳದೆಯೇ ಎಲ್ಲಕ್ಕಿಂತ ಸಣ್ಣ ಅಳತೆಯ ಹಸಿರು ಬಳೆ ಬಿಚ್ಚಿದ.

"ಗಿರಿಜವ್ವನ ಕೈ ಅಂದ್ರ ಬೆಣ್ಣಿ" ಎಂದ. ಹೆಂಗಸರು ಮುಂದಕ್ಕೆ ಸರಿದು ಕೂತರು. ಎಲ್ಲರಿಗೂ ಆಟ ನೋಡಬೇಕಿತ್ತು.

ಆ ದಿನ ಬೆಳಗಿನಿಂದ ಮಣಿಕಟ್ಟು ಸಿಡಿಯುತ್ತಿತ್ತು. ಮಡಚಿದರೆ ಜಾರುತ್ತದೆ ಎಂದು ನನಗೆ ಗೊತ್ತು. ಬೇಡ ಎಂದರೆ ಅಷ್ಟು ಜನರ ಮುಂದೆ ಅತ್ತೆಯ ಮಾತು ಕಳೆದಂತೆ. ಕುಬುಸದ ಬಳೆಗೆ ಬೇಡ ಎನ್ನುವ ಬಸುರಿ ಎಲ್ಲಿದ್ದಾಳೆ? ನಾನು ಅತ್ತೆಯನ್ನು ನೋಡಿದೆ. ಅವರು ಆರತಿ ತಟ್ಟೆ ಹಿಡಿದು ನಿಂತಿದ್ದರು. ನಾನು ಹೆಬ್ಬೆರಳು ಮಡಚಿದೆ.

"ಅದು ಬ್ಯಾಡ, ಶಂಕ್ರಪ್ಪ."

ಅತ್ತೆಯ ದನಿ. ಅಂದು ಅದು ದೊಡ್ಡದಾಗಿರಲಿಲ್ಲ.

"ದೊಡ್ಡವು ತಗಿ."

"ಯಾಕಬೇ? ಈ ಕೈಗೆ ದೊಡ್ಡವು ನಿಲ್ಲಂಗಿಲ್ಲ. ಮೊಣಕೈತನ ಓಡ್ಯಾಡ್ತಾವ."

"ಓಡ್ಯಾಡ್ಲಿ. ಸಣ್ಣವು ಇಟ್ರ ಆಕಿಗೆ ನೋವಾಗ್ತೈತಿ."

ಪಕ್ಕದ ಮನೆಯಾಕೆ, ಬಾವಿಯ ಹತ್ತಿರ ನನ್ನ ಮೈಗಳ್ಳತನದ ಕಥೆ ಕೇಳಿದ್ದವಳು, "ಅಲ್ಲಬೇ, ಆಕಿ ಕೈ ಮೆತ್ತಗ ಅಂತ ನೀನ..." ಎಂದು ಶುರು ಮಾಡಿದಳು.

"ಮೆತ್ತಗ ಅಲ್ಲ, ಅದು ಕಾಯಿಲಿ. ನನಗೂ ತಿಳಿದಿದ್ದಿಲ್ಲ" ಎಂದರು ಅತ್ತೆ. ಆರತಿ ತಟ್ಟೆಯನ್ನು ಅವ್ವನ ಕೈಗೆ ಕೊಟ್ಟು, ನನ್ನ ಪಕ್ಕ ಕೂತು, ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಳೇ ಬಳೆಗಳನ್ನು ಏನು ಮಾಡುವುದೆಂದು ಶಂಕ್ರಪ್ಪ ಕೇಳಿದ. ತೆಗೆಯಲು ಕೈ ಮಡಚಲೇಬೇಕಲ್ಲ. ಅತ್ತೆ ಆ ಸಣ್ಣ ಬಳೆಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ, "ಮದ್ಲು ದೊಡ್ಡವು ಇಡು, ಕೈ ಬರಿದು ಬಿಡಬ್ಯಾಡ. ಆಮ್ಯಾಲ ಸಣ್ಣವನ್ನ ಇಕ್ಕಳದಾಗ ಹಿಡಿ" ಎಂದರು.

ಎಕ್ಸ್‌ರೇ ಕೋಣೆಯಲ್ಲಿ ಇಕ್ಕಳ ಕಂಡು ಆಸ್ಪತ್ರೆ ಎಬ್ಬಿಸಿದವರು ಇವರೇ. ಗಾಜು ಚರ್ಮಕ್ಕೆ ತಾಗದಂತೆ ಸೆರಗಿನ ತುದಿಯನ್ನು ಒಳಗೆ ತೂರಿಸಿ, ಒಂದೊಂದು ಬಳೆ ಹೋಗುವವರೆಗೂ ಹಿಡಿದೇ ಕೂತಿದ್ದರು. ನನಗೆ ಅಳು ಬಂತು. ಈ ಸಲವೂ ಎಲ್ಲರೂ ನೋವಿಗೆ ಎಂದುಕೊಂಡರು.

ಬಾಣಂತನಕ್ಕೆ ಅವ್ವನ ಜೊತೆ ಸಂಡೂರಿಗೆ ಹೊರಟಾಗ ಅತ್ತೆ ಬಸ್ಸಿನ ಕಿಟಕಿಗೆ ಬಂದು ಅವ್ವನಿಗೆ ಹೇಳಿದರು. "ಜಲ್ದಿ ಕಳಸ್ರಿ ಮತ್ತ. ಹಂಚಿನ ಮುಂದ ನನಗ ಒಬ್ಬಾಕಿಗೇ ಆಗಂಗಿಲ್ಲ." ತವರಿಗೆ ಹೋಗುವಾಗ ಅಷ್ಟು ನಗುತ್ತ ಹೋದ ಸೊಸೆಯನ್ನು ಕಂಪ್ಲಿಯ ಬಸ್ ಸ್ಟ್ಯಾಂಡು ಕಂಡಿರಲಿಕ್ಕಿಲ್ಲ.

ಈಗ ಮಗಳಿಗೆ ಹನ್ನೊಂದು ತಿಂಗಳು. ಅವಳು ಕಾಲಿನ ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡಾಗಲೆಲ್ಲ ನನ್ನ ಎದೆ ಧಸಕ್ ಎನ್ನುತ್ತದೆ. "ಎಲ್ಲಾ ಕೂಸೂ ಹಂಗ ಮಾಡ್ತಾವ, ಅಂಜಬ್ಯಾಡ" ಎನ್ನುತ್ತಾರೆ ಅತ್ತೆ. ಹೇಳಿದವರು ತಾವೇ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದು ನೋಡುತ್ತಾರೆ. ಬಂದವರು ಎಷ್ಟು ಮೆತ್ತನೆ ಕೈ ಎಂದರೆ ಮಾತು ಬದಲಿಸುತ್ತಾರೆ. ಅವಳಿಗೂ ಇದು ಬಂದಿದ್ದರೆ ಬಂದಿರಲಿ. ಹೆಸರು ಹುಡುಕಲು ಅವಳು ಇಪ್ಪತ್ತೆರಡು ವರ್ಷ ಕಾಯಬೇಕಿಲ್ಲ.

ನಾನು ವಾಸಿಯಾಗಿಲ್ಲ. ತುಂಬಿದ ಕೊಡ ಎತ್ತುವುದಿಲ್ಲ. ಮಗಳನ್ನು ಕೂತೇ ಎತ್ತಿಕೊಳ್ಳುತ್ತೇನೆ. ಉಸುಕಿನ ಚೀಲ ದಿನವೂ ಕಟ್ಟುತ್ತೇನೆ, ಬೇಸರ ಬಂದರೂ. ಕೆಲವು ದಿನ ಒಳ್ಳೆಯವು, ಕೆಲವು ದಿನ ಮಲಗಿಯೇ ಕಳೆಯುತ್ತವೆ, ಅದಕ್ಕೆ ಈಗ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಮುದುಕಿಯಾಗುವುದನ್ನು ಖುಷಿಯಿಂದ ಕಾಯುತ್ತಿದ್ದೇನೆ.

ದೊಡ್ಡ ಬಳೆಗಳು ಶಂಕ್ರಪ್ಪ ಹೇಳಿದ ಹಾಗೇ ಮೊಣಕೈತನಕ ಓಡಾಡುತ್ತವೆ. ನಾನು ಏನು ಮಾಡಿದರೂ ಗಲಗಲ ಅನ್ನುತ್ತವೆ. ಮನೆ ತುಂಬ ಕೇಳುತ್ತದೆ. ಇವತ್ತು ಬೆಳಿಗ್ಗೆ ಪಡಸಾಲೆಯಲ್ಲಿ ಮಗಳ ಬಟ್ಟೆ ಮಡಚುತ್ತಿದ್ದೆ. ಬಾಗಿಲಲ್ಲಿ ಯಾರೋ ಹೋದಂತಾಗಿ ಸುಮ್ಮನೆ ಕೈ ನಿಲ್ಲಿಸಿದೆ.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಗಿರಿಜಾ, ಬಳಿ ಸದ್ದು ನಿಂತಿತಲ್ಲ. ಕೈ ನೋಯ್ತೈತೇನಬೇ?"